ವೆಬ್ ಅಪ್ಲಿಕೇಶನ್ ಕಲಿಯಲು ಮೊದಲ ಪುಸ್ತಕ: ನಿಮಗೆ ಹೊಂದುವುದು ಯಾವುದು?

ಪರೀಕ್ಷೆ ಮುಗಿದು ರಜೆ ಶುರುವಾದರೆ ನನ್ನ ಮೊಬೈಲಿಗೆ ಪುಸ್ತಕಗಳ ಮುಖಪುಟದ ಚಿತ್ರಗಳು ಬರತೊಡಗುತ್ತವೆ. ಧಾರವಾಡದಲ್ಲಿ ರೂಮು ಮಾಡಿಕೊಂಡು ಬಿಸಿಎ ಓದುತ್ತಿರುವ ಹಾವೇರಿ ಕಡೆಯ ಹುಡುಗಿ, ಹುಬ್ಬಳ್ಳಿಯ ಗೋಕುಲ ರಸ್ತೆಯ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತ ಸಂಜೆ ಹೊತ್ತು ಕಲಿಯಲು ಹೊರಟ ಯುವಕ, ಬೆಟಗೇರಿಯಲ್ಲಿ ಸೀರೆ ವ್ಯಾಪಾರದ ದಾಸ್ತಾನನ್ನು ಕಂಪ್ಯೂಟರಿಗೆ ಏರಿಸಬೇಕೆಂದಿರುವವರು, ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿರುವವರು: ಎಲ್ಲರದೂ ಒಂದೇ ಪ್ರಶ್ನೆ. "ಅಕ್ಕಾ, ಇವುಗಳಲ್ಲಿ ಯಾವುದನ್ನು ಕೊಳ್ಳಲಿ?" ಪ್ರಶ್ನೆ ಒಂದೇ ಆದರೂ ಉತ್ತರ ಒಬ್ಬೊಬ್ಬರಿಗೂ ಬೇರೆ. ಅದಕ್ಕಾಗಿ ಒಮ್ಮೆ ಕುಳಿತು ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಇಲ್ಲಿ ಹೆಸರಿಸುವ ಪುಸ್ತಕಗಳೆಲ್ಲ ಇಂಗ್ಲಿಷಿನವು, ಎಲ್ಲವೂ ಒಳ್ಳೆಯವೇ. ಕೆಟ್ಟ ಪುಸ್ತಕ ಕೊಂಡು ಸೋತವರಿಗಿಂತ, ತಮಗೆ ಹೊಂದದ ಒಳ್ಳೆಯ ಪುಸ್ತಕ ಕೊಂಡು ನಡುವೆ ಕೈಬಿಟ್ಟವರನ್ನೇ ನಾನು ಹೆಚ್ಚು ಕಂಡಿದ್ದೇನೆ. ಮೊದಲ ಪುಸ್ತಕದಿಂದ ನನ್ನ ನಿರೀಕ್ಷೆ ಇಷ್ಟೇ: ಖಾಲಿ ಫೋಲ್ಡರಿನಿಂದ ಹೊರಟು, ಬೇರೊಬ್ಬರ ಮೊಬೈಲಿನಲ್ಲಿ ತೆರೆದುಕೊಳ್ಳುವ ಒಂದು ಸಣ್ಣ ಅಪ್ಲಿಕೇಶನ್‌ವರೆಗೆ ಅದು ಓದುಗನನ್ನು ಕರೆದೊಯ್ಯಬೇಕು. ಜ್ಞಾನವೆಲ್ಲ ಅದರಲ್ಲಿರಬೇಕಿಲ್ಲ, ದಾರಿ ಇದ್ದರೆ ಸಾಕು.

ಪರೀಕ್ಷೆಯ ಗೈಡುಗಳನ್ನು ಈ ಹೋಲಿಕೆಗೆ ತೆಗೆದುಕೊಂಡಿಲ್ಲ. "ಜಾವಾಸ್ಕ್ರಿಪ್ಟಿನ ಲಕ್ಷಣಗಳನ್ನು ವಿವರಿಸಿ" ಎಂಬ ಪ್ರಶ್ನೆಗೆ ಹತ್ತು ಅಂಕ ತರಲು ಅವು ಬೇಕು, ಇರಲಿ. ಅವುಗಳಿಂದ ಅಪ್ಲಿಕೇಶನ್ ಕಟ್ಟಲಾಗುವುದಿಲ್ಲ.

ಯಾವುದನ್ನು ನೋಡಿ ಅಳೆಯಬೇಕು

ಎಲ್ಲಕ್ಕಿಂತ ಮೊದಲು ಆವೃತ್ತಿ. ಕಥೆ, ಕಾದಂಬರಿಗಳಿಗೆ ವಯಸ್ಸಾಗುವುದಿಲ್ಲ. ವೆಬ್ ಪುಸ್ತಕಕ್ಕೆ ಬಹಳ ಬೇಗ ಆಗುತ್ತದೆ. ಹಳೆಯ ಪುಸ್ತಕದಂಗಡಿಯಲ್ಲಿ ನೂರೈವತ್ತು ರೂಪಾಯಿಗೆ ಸಿಕ್ಕಿತು ಎಂದು ಹತ್ತು ವರ್ಷದ ಹಿಂದಿನ ಆವೃತ್ತಿ ತಂದು ಕುಳಿತುಕೊಳ್ಳುವುದು ಹೋದ ವರ್ಷದ ಪಂಚಾಂಗ ನೋಡಿ ಈ ವರ್ಷದ ಮುಹೂರ್ತ ಇಟ್ಟಂತೆ. ತಪ್ಪು ನಿಮ್ಮದಲ್ಲದಿದ್ದರೂ ಪರದೆಯ ಮೇಲೆ ಕೆಂಪು ಅಕ್ಷರ ಕಂಡಾಗ ಹೊಸಬರು ತಮ್ಮನ್ನೇ ಶಂಕಿಸುತ್ತಾರೆ.

ಅಂಗಡಿಯಲ್ಲೇ ನಿಂತು ಎರಡು ನಿಮಿಷದಲ್ಲಿ ಪರೀಕ್ಷಿಸಬಹುದಾದ ಕೆಲವು ಗುರುತುಗಳಿವೆ. ಪಿಎಚ್‌ಪಿ ಎಂಬ ಭಾಷೆಯ ಪುಸ್ತಕವಾದರೆ 'ಮೈಎಸ್‌ಕ್ಯೂಎಲ್_ಕನೆಕ್ಟ್' ಅಥವಾ 'ಮೈಎಸ್‌ಕ್ಯೂಎಲ್_ಕ್ವೆರಿ' ಎಂಬ ಆದೇಶಗಳಿವೆಯೇ ನೋಡಿ. ಇದ್ದರೆ ಕೆಳಗಿಡಿ, 2015ರ ಡಿಸೆಂಬರಿನಲ್ಲಿ ಬಂದ ಪಿಎಚ್‌ಪಿ 7ರಿಂದಲೇ ಅವನ್ನು ತೆಗೆದುಹಾಕಲಾಗಿದೆ. ಅದೇ ಹೆಸರಿನ ನಡುವೆ ಒಂದು 'ಐ' ಸೇರಿ 'ಮೈಎಸ್‌ಕ್ಯೂಎಲ್‌ಐ' ಎಂದಿದ್ದರೆ, ಅಥವಾ ಪಿಡಿಓ (ಡೇಟಾಬೇಸಿನೊಂದಿಗೆ ಮಾತನಾಡುವ ಇನ್ನೊಂದು ವಿಧಾನ) ಎಂದಿದ್ದರೆ ತೊಂದರೆಯಿಲ್ಲ. ಪೈಥಾನ್ ಎಂಬ ಭಾಷೆಯ ಪುಸ್ತಕದಲ್ಲಿ 'ಪ್ರಿಂಟ್' ಪದದ ಮುಂದೆ ಆವರಣ ಚಿಹ್ನೆ ಇಲ್ಲದಿದ್ದರೆ ಅದು ಪೈಥಾನ್ 2ರ ಪುಸ್ತಕ. ಅದಕ್ಕೆ ಬೆಂಬಲ ನಿಂತದ್ದು 2020ರ ಜನವರಿ 1ಕ್ಕೆ. ಬ್ರೌಸರಿನ ಭಾಷೆಯಾದ ಜಾವಾಸ್ಕ್ರಿಪ್ಟ್ ಕಡೆ ಆ್ಯಂಗ್ಯುಲರ್‌ಜೆಎಸ್ ಎಂಬ ಹಳೆಯ ಚೌಕಟ್ಟಿನ (ಅಪ್ಲಿಕೇಶನ್ ಕಟ್ಟಲು ಸಿದ್ಧವಾಗಿ ಸಿಗುವ ಕೋಡಿನ ಹಂದರದ) ಆಯುಸ್ಸು 2021ರ ಕೊನೆಗೆ ಮುಗಿಯಿತು. ಇನ್ನು ಕೊನೆಯ ಅಧ್ಯಾಯ ತೆರೆದು, ಅಪ್ಲಿಕೇಶನ್ನನ್ನು ಎಲ್ಲಿಗೆ ಏರಿಸಲು ಹೇಳಿದ್ದಾರೆ ನೋಡಿ. ಹೆರೋಕು ಎಂಬ ತಾಣದ ಉಚಿತ ಸೇವೆಯನ್ನೇ ನಂಬಿದ್ದರೆ ಆ ಅಧ್ಯಾಯ ಈಗ ಬರೆದಂತೆ ನಡೆಯುವುದಿಲ್ಲ. 2022ರ ನವೆಂಬರ್ 28ಕ್ಕೆ ಆ ಉಚಿತ ಸೇವೆ ನಿಂತಿತು.

ಎರಡನೆಯದು, ಪುಸ್ತಕ ಎಲ್ಲಿಂದ ಹೊರಟು ಎಲ್ಲಿ ನಿಲ್ಲುತ್ತದೆ ಎಂಬುದು. ಕೆಲವು ಪುಸ್ತಕಗಳು ನಿಮಗೆ ಆಗಲೇ ಒಂದು ಭಾಷೆ ಬರುತ್ತದೆ ಎಂದುಕೊಂಡೇ ಶುರುವಾಗುತ್ತವೆ. ಕೆಲವು ಪುಟದ ಬಣ್ಣ, ಅಂಚುಗಳನ್ನು ಕಲಿಸಿ ಅಷ್ಟಕ್ಕೇ ಮುಗಿಯುತ್ತವೆ. ಫಾರ್ಮ್, ಡೇಟಾಬೇಸ್ (ಮಾಹಿತಿ ಕೂಡಿಡುವ ಜಾಗ), ಲಾಗಿನ್, ಸರ್ವರಿಗೆ (ಎಲ್ಲರಿಗೂ ಪುಟ ಒದಗಿಸುವ ಕಂಪ್ಯೂಟರಿಗೆ) ಏರಿಸುವುದು: ಈ ನಾಲ್ಕೂ ಇದ್ದರೆ ಮಾತ್ರ ಅದು ಅಪ್ಲಿಕೇಶನ್ ಪುಸ್ತಕ. ಪರಿವಿಡಿ ನೋಡಿದರೆ ಗೊತ್ತಾಗುತ್ತದೆ.

ಮೂರನೆಯದು ಇಂಗ್ಲಿಷ್. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇದನ್ನು ಬಾಯಿಬಿಟ್ಟು ಹೇಳಲು ನಾಚುತ್ತಾರೆ, ನಾಚಬೇಕಿಲ್ಲ. ಯಾವುದೇ ಪುಸ್ತಕದ ನಡುವಿನ ಒಂದು ಪುಟ ಓದಿ. ತಾಂತ್ರಿಕ ಪದಗಳನ್ನು ಬಿಟ್ಟು ಉಳಿದ ವಾಕ್ಯಗಳಿಗೇ ನಿಘಂಟು ಬೇಕಾದರೆ ಆ ಲೇಖಕ ನಿಮ್ಮ ಮೊದಲ ಗುರುವಲ್ಲ.

ಹಣ ಮತ್ತು ಯಂತ್ರದ ಲೆಕ್ಕ ಸರಳ. ವಿದೇಶಿ ಮುದ್ರಣ ದುಬಾರಿ, ಭಾರತೀಯ ಮರುಮುದ್ರಣ ಅದಕ್ಕಿಂತ ಬಹಳ ಅಗ್ಗ. ಓರೈಲಿ ಪ್ರಕಾಶನದ ಪುಸ್ತಕಗಳನ್ನು ಇಲ್ಲಿ ಶ್ರಾಫ್ ಪಬ್ಲಿಷರ್ಸ್ ಕಪ್ಪು-ಬಿಳುಪಿನಲ್ಲಿ ತರುತ್ತದೆ. ಕೋಡ್ ಓದಲು ಬಣ್ಣ ಬೇಕಿಲ್ಲ. ಹಳೆಯ ಲ್ಯಾಪ್‌ಟಾಪ್ ಇದ್ದರೂ ಇಲ್ಲಿನ ಯಾವ ಪುಸ್ತಕಕ್ಕೂ ಅಡ್ಡಿಯಾಗದು. ಮೊಬೈಲಿನಲ್ಲಿ ಪಿಡಿಎಫ್ ತೆರೆದು ಅದರಲ್ಲೇ ಎಲ್ಲ ಮಾಡುತ್ತೇನೆ ಎನ್ನುವವರಿಗೆ ಮಾತ್ರ ಪುಸ್ತಕಕ್ಕಿಂತ ಮೊದಲು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ನೋಡಿ ಎನ್ನುತ್ತೇನೆ.

ಕೊನೆಯ ಅಳತೆ ನನ್ನದೇ: ಕನ್ನಡ. ಬೆಟಗೇರಿಯ ಸೀರೆ ಅಂಗಡಿಗಾಗಲಿ, ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ಧಾರಣೆಯ ಪಟ್ಟಿಗಾಗಲಿ ಹೆಸರುಗಳು ಕನ್ನಡದಲ್ಲೇ ಬರುತ್ತವೆ. ಫಾರ್ಮಿನಲ್ಲಿ "ಬ್ಯಾಡಗಿ ಡಬ್ಬಿ" ಎಂದು ಬರೆದು ಉಳಿಸಿದರೆ ಮರಳಿ ಅದೇ ಬರಬೇಕು, ಪ್ರಶ್ನಾರ್ಥಕ ಚಿಹ್ನೆಗಳ ಸಾಲಲ್ಲ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದ ಹಳೆಯ ಆವೃತ್ತಿ ತನ್ನಷ್ಟಕ್ಕೆ ಲ್ಯಾಟಿನ್ ಅಕ್ಷರಗಳನ್ನೇ ಎಣಿಸಿಕೊಂಡು ಡೇಟಾಬೇಸ್ ಮಾಡುತ್ತಿತ್ತು. 2018ರಲ್ಲಿ ಬಂದ 8.0 ಆವೃತ್ತಿಯಿಂದ ಎಲ್ಲ ಭಾಷೆಗಳಿಗೂ ಒಗ್ಗುವ ಯುಟಿಎಫ್-8 ಮೊದಲ ಆಯ್ಕೆಯಾಯಿತು. ಅಕ್ಷರಗಳನ್ನು ಎಣಿಸುವ ಕೆಲಸದಲ್ಲೂ ಎಚ್ಚರ ಬೇಕು. 'ಕನ್ನಡ' ಎಂಬ ಪದದ ಉದ್ದವನ್ನು ಪೈಥಾನಿಗೆ ಕೇಳಿದರೆ 5 ಎನ್ನುತ್ತದೆ, ಏಕೆಂದರೆ ಒತ್ತಕ್ಷರದ ಎರಡು ವ್ಯಂಜನಗಳನ್ನೂ ನಡುವಿನ ಹಲಂತವನ್ನೂ ಅದು ಬೇರೆ ಬೇರೆ ಎಣಿಸುತ್ತದೆ. ಹೆಸರಿನ ಅಂಕಣಕ್ಕೆ "20 ಅಕ್ಷರ ಸಾಕು" ಎಂದು ಪುಸ್ತಕದಲ್ಲಿದ್ದರೆ ನೀವು 60 ಎಂದು ಬರೆದುಕೊಳ್ಳಿ.

ಪೈಥಾನ್ ದಾರಿ

ಪ್ರೋಗ್ರಾಮಿಂಗ್ ಎಂದರೇನೆಂದೇ ತಿಳಿಯದವರಿಗೆ ನಾನು ಮೊದಲು ಹೇಳುವ ಹೆಸರು ಎರಿಕ್ ಮ್ಯಾಥೆಸ್ ಅವರ 'ಪೈಥಾನ್ ಕ್ರ್ಯಾಶ್ ಕೋರ್ಸ್'. ಮೊದಲ ಹನ್ನೊಂದು ಅಧ್ಯಾಯ ಭಾಷೆಗೆ, ಆಮೇಲೆ ಮೂರು ಯೋಜನೆಗಳು: ಒಂದು ಆಟ, ಒಂದು ದತ್ತಾಂಶ ಚಿತ್ರಣ, ಕೊನೆಯದು ಜಾಂಗೊ ಎಂಬ ಪೈಥಾನ್ ಚೌಕಟ್ಟು ಬಳಸಿದ ವೆಬ್ ಅಪ್ಲಿಕೇಶನ್. ಇಂಗ್ಲಿಷ್ ಬಹಳ ಸರಳ, ವಾಕ್ಯಗಳು ಚಿಕ್ಕವು. ಒಂದು ಸಂಗತಿ ಹೇಳಿ, ತಕ್ಷಣ ಕೋಡ್ ತೋರಿಸಿ, ಸಾಲು ಸಾಲಾಗಿ ಬಿಡಿಸಿ ಹೇಳುವ ಕ್ರಮ ಅವರದು. ವೆಬ್ಬೇ ಗುರಿಯಾದವರು ಆಟವನ್ನೂ ಚಿತ್ರಣವನ್ನೂ ಹಾರಿ ನೇರ ಮೂರನೆಯ ಯೋಜನೆಗೆ ಹೋಗಬಹುದು, ಒಂದಕ್ಕೊಂದು ಗಂಟಿಲ್ಲ.

ಇದರ ಕೊರತೆಯೂ ಅಲ್ಲೇ ಇದೆ. ಇಷ್ಟು ದಪ್ಪ ಪುಸ್ತಕದಲ್ಲಿ ವೆಬ್ಬಿಗೆ ಸಿಗುವುದು ಮೂರೇ ಅಧ್ಯಾಯ. ಪುಟದ ರಚನೆ ಬರೆಯುವ ಎಚ್‌ಟಿಎಂಎಲ್ ಏಕೆ ಹಾಗಿದೆ ಎಂಬ ವಿವರಣೆ ಕಡಿಮೆ, ಅಂದಚೆಂದವನ್ನು ಬೂಟ್‌ಸ್ಟ್ರ್ಯಾಪ್ ಎಂಬ ಸಿದ್ಧ ವಿನ್ಯಾಸದ ಕಟ್ಟಿಗೆ ಒಪ್ಪಿಸಿಬಿಡುತ್ತಾರೆ. ಆದರೂ ಆ ಮೂರು ಅಧ್ಯಾಯಗಳಲ್ಲಿ ಫಾರ್ಮ್, ಡೇಟಾಬೇಸ್, ಲಾಗಿನ್, ಏರಿಸುವುದು ನಾಲ್ಕೂ ಮುಗಿಯುತ್ತವೆ. ಅಷ್ಟು ಕಡಿಮೆ ಜಾಗದಲ್ಲಿ ಇಡೀ ದಾರಿ ತೋರಿಸುವ ಬೇರೆ ಪುಸ್ತಕ ನನ್ನ ಕೈಗೆ ಸಿಕ್ಕಿಲ್ಲ.

ಕೊಳ್ಳುವುದಾದರೆ 2023ರ ಮೂರನೆಯ ಆವೃತ್ತಿಯನ್ನೇ ಕೊಳ್ಳಿ. 2019ರ ಎರಡನೆಯ ಆವೃತ್ತಿ ಅಗ್ಗವಾಗಿ ಸಿಗುತ್ತದೆ, ನಿಜ. ಅದರಲ್ಲಿ ಲಾಗ್‌ಔಟ್‌ಗೆ ಒಂದು ಸಾದಾ ಕೊಂಡಿ ಕೊಟ್ಟಿದ್ದಾರೆ. ಜಾಂಗೊ 5ರಲ್ಲಿ ಅದನ್ನು ಒತ್ತಿದರೆ 405 ಎಂಬ ದೋಷ ಬರುತ್ತದೆ, ಏಕೆಂದರೆ ಲಾಗ್‌ಔಟ್ ಈಗ ಫಾರ್ಮಿನ ಮೂಲಕವೇ ಹೋಗಬೇಕು. ಅನುಭವಿಗಳಿಗೆ ಇದು ಎರಡು ಸಾಲಿನ ತಿದ್ದುಪಡಿ, ಹೊಸಬರಿಗೆ ಒಂದು ಇಡೀ ಭಾನುವಾರ. ಏರಿಸುವ ಅಧ್ಯಾಯವೂ ಅದರಲ್ಲಿ ಹೆರೋಕುವಿನದು. ಮೂರನೆಯದರಲ್ಲಿ ಬೇರೆ ಸೇವೆ ಬಳಸಿದ್ದಾರೆ, ಅದೂ ಶಾಶ್ವತವಾಗಿ ಉಚಿತವಲ್ಲ ಎಂಬುದು ಗಮನದಲ್ಲಿರಲಿ.

ಜಾಂಗೊವನ್ನು ನಾನು ಸೀರೆ ಅಂಗಡಿಯವರಿಗೆ ಹೇಳಲು ಇನ್ನೊಂದು ಕಾರಣವಿದೆ. ದಾಸ್ತಾನಿನಲ್ಲಿ ಏನೇನಿರಬೇಕು ಎಂದು ಬರೆದುಕೊಟ್ಟರೆ, ಸೇರಿಸುವ, ತಿದ್ದುವ, ಅಳಿಸುವ ಅಡ್ಮಿನ್ ಪುಟ ತಾನಾಗಿ ಸಿದ್ಧವಾಗುತ್ತದೆ. ಸೆಟ್ಟಿಂಗಿನಲ್ಲಿ ಭಾಷೆಯನ್ನು ಕನ್ನಡಕ್ಕೆ ಬದಲಿಸಿದರೆ ಅದರ ಗುಂಡಿಗಳಲ್ಲಿ ಹಲವು ಕನ್ನಡಕ್ಕೆ ತಿರುಗುತ್ತವೆ, ಕೆಲವು ಇಂಗ್ಲಿಷಿನಲ್ಲೇ ಉಳಿಯುತ್ತವೆ. ಶುರುವಿಗೆ ಜೊತೆಯಲ್ಲೇ ಬರುವ ಎಸ್‌ಕ್ಯೂಲೈಟ್ ಡೇಟಾಬೇಸ್ ಕನ್ನಡವನ್ನು ಯಾವ ತಕರಾರಿಲ್ಲದೆ ಇಟ್ಟುಕೊಳ್ಳುತ್ತದೆ.

ಪೈಥಾನ್ ಆಗಲೇ ಬಲ್ಲವರಿಗೆ ಆ ಪುಸ್ತಕ ಬೇಡ, ಅರ್ಧ ಹಣ ವ್ಯರ್ಥ. ಜಾಂಗೊ ತಂಡವೇ ಉಚಿತವಾಗಿ ಕೊಡುವ ಪಾಠಮಾಲೆಯಲ್ಲಿ ಒಂದು ಮತಗಣನೆಯ ಅಪ್ಲಿಕೇಶನ್ ಕಟ್ಟಿಸುತ್ತಾರೆ, ಅಲ್ಲಿಂದ ಹೊರಡಿ. ಇಲ್ಲವೇ ಫ್ಲಾಸ್ಕ್ ಎಂಬ ಇನ್ನೊಂದು ಪೈಥಾನ್ ಚೌಕಟ್ಟು ನೋಡಿ. ಮಿಗೆಲ್ ಗ್ರಿನ್‌ಬರ್ಗ್ ಅವರ 'ಫ್ಲಾಸ್ಕ್ ವೆಬ್ ಡೆವಲಪ್‌ಮೆಂಟ್' ಎರಡನೆಯ ಆವೃತ್ತಿ 2018ರದು, ಬರವಣಿಗೆ ಶುದ್ಧ, ಆದರೆ ಫ್ಲಾಸ್ಕ್ ಅಲ್ಲಿಂದ ಮುಂದೆ ಬಂದು 3ನೆಯ ಮುಖ್ಯ ಆವೃತ್ತಿಗೆ ತಲುಪಿದೆ. ಅದೇ ಲೇಖಕರ 'ಫ್ಲಾಸ್ಕ್ ಮೆಗಾ-ಟ್ಯುಟೋರಿಯಲ್' ಹೊಸ ಆವೃತ್ತಿಗೆ ತಕ್ಕಂತೆ ತಿದ್ದಿದ್ದು, ಅಂತರಜಾಲದಲ್ಲಿ ಉಚಿತವಾಗಿ ಓದಲು ಸಿಗುತ್ತದೆ. ಉಚಿತವಾದದ್ದು ಹೊಸದು, ದುಡ್ಡು ಕೊಡುವುದು ಹಳೆಯದು: ಇಂಥ ಸಂದರ್ಭದಲ್ಲಿ ಆಯ್ಕೆ ಕಷ್ಟವೇ ಅಲ್ಲ. ಅಪ್ಲಿಕೇಶನ್ನನ್ನು ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿ ತೋರಿಸುವುದಕ್ಕೇ ಅದರಲ್ಲೊಂದು ಅಧ್ಯಾಯವಿದೆ, ನಮ್ಮವರಿಗೆ ಅದು ತುಂಬ ಉಪಯೋಗ. ಜಾಂಗೊ ಬಹಳಷ್ಟನ್ನು ತಾನೇ ಮಾಡಿಕೊಡುತ್ತದೆ, ಫ್ಲಾಸ್ಕಿನಲ್ಲಿ ನೀವೇ ಜೋಡಿಸಬೇಕು. ಬೇಗ ಕೆಲಸವಾಗಬೇಕಾದವರಿಗೆ ಮೊದಲಿನದು, ಒಳಗೇನು ನಡೆಯುತ್ತದೆ ಎಂದು ತಿಳಿಯಬೇಕಾದವರಿಗೆ ಎರಡನೆಯದು.

ಪಿಎಚ್‌ಪಿ ಇನ್ನೂ ಬೇಕೇ?

ಎಂಜಿನಿಯರಿಂಗ್ ಹುಡುಗರು ಪಿಎಚ್‌ಪಿ ಹೆಸರು ಕೇಳಿದರೆ ಮೂಗು ಮುರಿಯುತ್ತಾರೆ. ಮುರಿಯಲಿ. ಜಾಲತಾಣ ಕಟ್ಟಲು ಬಳಸುವ ವರ್ಡ್‌ಪ್ರೆಸ್ ನಡೆಯುವುದು ಅದರ ಮೇಲೆ, ಅಗ್ಗದ ಹೋಸ್ಟಿಂಗ್ (ಜಾಲತಾಣ ಇಡುವ ಬಾಡಿಗೆ ಜಾಗ) ಎಲ್ಲಿ ಕೊಂಡರೂ ಅದಕ್ಕೆ ಜಾಗವಿದೆ, ಫೈಲುಗಳನ್ನು ಏರಿಸಿದರೆ ಪುಟ ತೆರೆದುಕೊಳ್ಳುತ್ತದೆ. ಪೈಥಾನಿನ ಅಪ್ಲಿಕೇಶನ್ನನ್ನು ಸರ್ವರಿಗೆ ಏರಿಸಲು ಪಡುವ ಪಾಡಿನ ಮುಂದೆ ಇದು ಏನೂ ಅಲ್ಲ. ಕೊಪ್ಪಿಕರ ರಸ್ತೆಯ ಅಂಗಡಿಗೋ, ಊರಿನ ಸಹಕಾರ ಸಂಘಕ್ಕೋ ಜಾಲತಾಣ ಮಾಡಿಕೊಟ್ಟು ನಾಲ್ಕು ಕಾಸು ನೋಡಬೇಕೆನ್ನುವವರಿಗೆ ಈ ದಾರಿಯೇ ಹತ್ತಿರದ್ದು.

ಎರಡು ಪುಸ್ತಕಗಳ ನಡುವೆ ಜಗ್ಗಾಟ. ರಾಬಿನ್ ನಿಕ್ಸನ್ ಅವರ 'ಲರ್ನಿಂಗ್ ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಆ್ಯಂಡ್ ಜಾವಾಸ್ಕ್ರಿಪ್ಟ್' ಓರೈಲಿಯದು, ಆರನೆಯ ಆವೃತ್ತಿ 2021ರದು. ಎಲ್ಲವನ್ನೂ ಒಂದೇ ಕಟ್ಟಿನಲ್ಲಿ ತುಂಬಿ, ಕೊನೆಗೆ ಒಂದು ಪುಟ್ಟ ಸಾಮಾಜಿಕ ಜಾಲತಾಣ ಕಟ್ಟಿಸುತ್ತದೆ. ಒಂದೇ ಪುಸ್ತಕ ಕೊಳ್ಳಬಲ್ಲವರಿಗೆ ಇದು ದುಡ್ಡಿಗೆ ಮೋಸವಿಲ್ಲ. ಆದರೆ ಎಲ್ಲವೂ ಇರುವುದರಿಂದ ಯಾವುದೂ ಆಳವಾಗಿಲ್ಲ. ಜೆಕ್ವೆರಿ ಎಂಬ ಸಿದ್ಧ ಜಾವಾಸ್ಕ್ರಿಪ್ಟ್ ಕೋಡಿನ ಭಾಗವನ್ನು ಮೊದಲ ಓದಿನಲ್ಲಿ ಬಿಟ್ಟುಬಿಡಿ. ಜಾನ್ ಡಕೆಟ್ ಅವರ 'ಪಿಎಚ್‌ಪಿ ಆ್ಯಂಡ್ ಮೈಎಸ್‌ಕ್ಯೂಎಲ್' 2022ರದು. ಪುಟ ತುಂಬ ಬಣ್ಣ, ಚಿತ್ರ, ಬಾಣದ ಗುರುತು. ಒಂದು ಸಂಗತಿಗೆ ಒಂದು ಪುಟ. ದೊಡ್ಡ ಪ್ಯಾರಾ ಕಂಡರೆ ಎದೆಗುಂದುವವರಿಗೆ ಇದಕ್ಕಿಂತ ಸುಲಭದ ಪುಸ್ತಕ ಕಾಣೆ. ಡೇಟಾಬೇಸಿನೊಂದಿಗೆ ಪಿಡಿಓ ಮೂಲಕ ಮಾತನಾಡುವುದನ್ನೇ ಕಲಿಸುತ್ತದೆ, ಆದ್ದರಿಂದ ಕೆಟ್ಟ ಚಾಳಿ ಅಂಟುವುದಿಲ್ಲ. ಬೆಲೆ ಮಾತ್ರ ಬಣ್ಣಕ್ಕೆ ತಕ್ಕಂತಿದೆ. ಎಚ್‌ಟಿಎಂಎಲ್ ಮೊದಲೇ ತಿಳಿದಿದ್ದರೆ ಡಕೆಟ್, ಏನೂ ತಿಳಿಯದಿದ್ದರೆ ನಿಕ್ಸನ್ ಎಂಬುದು ನನ್ನ ತೀರ್ಪು.

ಡಕೆಟ್ ಅವರದೇ ಇನ್ನೊಂದು ಪುಸ್ತಕ, ಎಚ್‌ಟಿಎಂಎಲ್ ಮತ್ತು ಪುಟಕ್ಕೆ ಬಣ್ಣ, ಜೋಡಣೆ ಕೊಡುವ ಸಿಎಸ್‌ಎಸ್ ಕುರಿತದ್ದು, ಎಲ್ಲರ ಪಟ್ಟಿಯಲ್ಲೂ ಇರುತ್ತದೆ. ಅದು 2011ರದು. ಪುಟವನ್ನು ಅಂಕಣಗಳಾಗಿ ಜೋಡಿಸಲು ಇಂದು ಎಲ್ಲರೂ ಬಳಸುವ ಗ್ರಿಡ್ ವಿಧಾನ ಬ್ರೌಸರುಗಳಿಗೆ ಬಂದದ್ದೇ 2017ರಲ್ಲಿ. ಗ್ರಂಥಾಲಯದಲ್ಲಿ ಸಿಕ್ಕರೆ ಮೊದಲ ಅರ್ಧ ಓದಿ, ಕೊಳ್ಳಬೇಡಿ.

ಜಾವಾಸ್ಕ್ರಿಪ್ಟ್

"ಎರಡು ಭಾಷೆ ಏಕೆ, ಬ್ರೌಸರಿಗೂ ಸರ್ವರಿಗೂ ಒಂದೇ ಸಾಕು" ಎಂಬ ವಾದದಲ್ಲಿ ಹುರುಳಿದೆ. ಇಲ್ಲಿನ ಪ್ರಸಿದ್ಧ ಪುಸ್ತಕ ಮರೈನ್ ಹಾವರ್ಬೆಕೆ ಅವರ 'ಎಲೊಕ್ವೆಂಟ್ ಜಾವಾಸ್ಕ್ರಿಪ್ಟ್'. ನಾಲ್ಕನೆಯ ಆವೃತ್ತಿ 2024ರಲ್ಲಿ ಬಂತು, ಅಂತರಜಾಲದಲ್ಲಿ ಪೂರ್ತಿ ಉಚಿತ, ಕೋಡನ್ನು ಪುಟದಲ್ಲೇ ಓಡಿಸಿ ನೋಡಬಹುದು. ಬೆಲೆಯೊಂದನ್ನೇ ನೋಡಿದರೆ ಹೋಲಿಕೆ ಇಲ್ಲಿಗೇ ಮುಗಿಯಬೇಕಿತ್ತು.

ಮುಗಿಯುವುದಿಲ್ಲ, ಏಕೆಂದರೆ ಇದು ಹೆಸರಿಗೆ ಆರಂಭಿಕರದು. ನಾಲ್ಕನೆಯ ಅಧ್ಯಾಯದ ಹೊತ್ತಿಗೆ ದಾರಿ ಕಡಿದಾಗುತ್ತದೆ, ಅಭ್ಯಾಸಗಳು ನಿಜಕ್ಕೂ ಕಠಿಣ, ಇಂಗ್ಲಿಷ್ ಸಾಹಿತ್ಯದ ಕಡೆ ವಾಲುತ್ತದೆ. ಕೊನೆಯ ಯೋಜನೆಯಲ್ಲಿ ಸರ್ವರ್ ಕಟ್ಟಿಸಿದರೂ ಡೇಟಾಬೇಸ್ ಇಲ್ಲ. ವಿವರಗಳು ಸ್ಮೃತಿಯಲ್ಲೇ ಇರುತ್ತವೆ, ಸರ್ವರ್ ನಿಲ್ಲಿಸಿದರೆ ಹೋಗುತ್ತವೆ, ಅವನ್ನು ಫೈಲಿನಲ್ಲಿ ಉಳಿಸುವುದು ಓದುಗನಿಗೆ ಬಿಟ್ಟ ಅಭ್ಯಾಸ. ನನ್ನ ನಾಲ್ಕು ಬೇಡಿಕೆಗಳಲ್ಲಿ ಇದು ಸೋಲುತ್ತದೆ. ಆದರೆ ಸಿ ಅಥವಾ ಜಾವಾ ಕಲಿತು, ಲೆಕ್ಕದ ಒಗಟುಗಳನ್ನು ಬಿಡಿಸುವುದರಲ್ಲಿ ಖುಷಿ ಕಾಣುವ ಎಂಜಿನಿಯರಿಂಗ್ ವಿದ್ಯಾರ್ಥಿಗೆ ನಾನು ಇದನ್ನೇ ಕೊಡುತ್ತೇನೆ. ಜೊತೆಗೆ ಹೆಲ್ಸಿಂಕಿ ವಿಶ್ವವಿದ್ಯಾಲಯದ 'ಫುಲ್ ಸ್ಟ್ಯಾಕ್ ಓಪನ್' ಎಂಬ ಉಚಿತ ಕೋರ್ಸ್ ಹಿಡಿದರೆ ರಿಯಾಕ್ಟ್ (ಬ್ರೌಸರಿನ ಪುಟ ಕಟ್ಟುವ ಸಾಧನ), ನೋಡ್ (ಜಾವಾಸ್ಕ್ರಿಪ್ಟನ್ನು ಸರ್ವರಿನಲ್ಲಿ ಓಡಿಸುವ ಸಾಧನ), ಡೇಟಾಬೇಸ್ ಮೂರೂ ಸೇರುತ್ತವೆ. ಅದೂ ಪ್ರೋಗ್ರಾಮಿಂಗ್ ಬಲ್ಲವರಿಗೇ. ರಿಯಾಕ್ಟ್ ಕುರಿತ ಮುದ್ರಿತ ಪುಸ್ತಕಗಳ ವಿಷಯದಲ್ಲಿ ನಾನು ಜಿಪುಣಿ: ಹಿಂದೆ ಬಹುತೇಕ ಪುಸ್ತಕಗಳು ಮೊದಲ ಪುಟದಲ್ಲೇ ಬಳಸುತ್ತಿದ್ದ 'ಕ್ರಿಯೇಟ್ ರಿಯಾಕ್ಟ್ ಆ್ಯಪ್' ಸಾಧನವನ್ನು ಅದರ ತಂಡವೇ 2025ರ ಫೆಬ್ರುವರಿಯಲ್ಲಿ ಕೈಬಿಟ್ಟಿತು.

ರೂಬಿ ಭಾಷೆಯ ಚೌಕಟ್ಟಾದ ರೂಬಿ ಆನ್ ರೇಲ್ಸ್ ಬಗ್ಗೆಯೂ ಕೇಳುತ್ತಾರೆ. 'ಅಜೈಲ್ ವೆಬ್ ಡೆವಲಪ್‌ಮೆಂಟ್ ವಿತ್ ರೇಲ್ಸ್' ಒಂದು ಅಂಗಡಿಯನ್ನು ಮೊದಲಿನಿಂದ ಕೊನೆಯವರೆಗೆ ಕಟ್ಟಿಸುವ ರೀತಿ ಮಾದರಿಯದು, ನನಗೆ ಇಷ್ಟ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ರೂಬಿಯನ್ನು ಕೂರಿಸುವ ಹೊತ್ತಿಗೆ ಹೊಸಬರ ಉತ್ಸಾಹ ಇಳಿದಿರುತ್ತದೆ, ಸಿಕ್ಕಿಬಿದ್ದಾಗ ಪಕ್ಕದ ರೂಮಿನಲ್ಲಿ ಕೇಳಲು ರೂಬಿ ಬಲ್ಲವರು ಇರುವುದಿಲ್ಲ. ಒಬ್ಬರೇ ಕಲಿಯುವವರಿಗೆ ಈ ಎರಡನೆಯ ಮಾತು ಸಣ್ಣದಲ್ಲ. ನಿಮ್ಮ ಗೆಳೆಯರ ಗುಂಪು ಜಾಂಗೊ ಕಲಿಯುತ್ತಿದ್ದರೆ, ನಾನು ಏನೇ ಹೇಳಿರಲಿ, ನೀವೂ ಜಾಂಗೊ ಹಿಡಿಯಿರಿ.

ಕೈಯಲ್ಲಿರುವ ಹಣಕ್ಕೆ ತಕ್ಕಂತೆ

ಒಂದು ರೂಪಾಯಿಯೂ ಖರ್ಚು ಮಾಡಲಾಗದು ಎಂದರೆ: ಪ್ರೋಗ್ರಾಮಿಂಗ್ ಬಲ್ಲವರು ಜಾಂಗೊ ಪಾಠಮಾಲೆ ಅಥವಾ ಫ್ಲಾಸ್ಕ್ ಮೆಗಾ-ಟ್ಯುಟೋರಿಯಲ್, ಒಗಟು ಪ್ರಿಯರು ಎಲೊಕ್ವೆಂಟ್ ಜಾವಾಸ್ಕ್ರಿಪ್ಟ್. ಏನೂ ಗೊತ್ತಿಲ್ಲದವರು ಕಾಲೇಜಿನ ಗ್ರಂಥಾಲಯದಲ್ಲಿ ಪೈಥಾನ್ ಕ್ರ್ಯಾಶ್ ಕೋರ್ಸ್ ಇದೆಯೇ ಕೇಳಲಿ. ಭಾಷೆಯ ಭಾಗಕ್ಕೆ ಎರಡನೆಯ ಆವೃತ್ತಿಯಾದರೂ ನಡೆಯುತ್ತದೆ, ವೆಬ್ ಭಾಗಕ್ಕೆ ಜಾಂಗೊ ಪಾಠಮಾಲೆಗೆ ಬದಲಾಯಿಸಿಕೊಳ್ಳಬಹುದು. ಹಾವೇರಿಯ ಆ ಹುಡುಗಿಗೆ ನಾನು ಹೇಳಿದ್ದು ಇದನ್ನೇ.

ಒಂದೇ ಪುಸ್ತಕಕ್ಕೆ ಹಣವಿದ್ದರೆ, ಕೆಲಸ ಹುಡುಕುವವರು ಪೈಥಾನ್ ಕಡೆ, ಊರಿನಲ್ಲೇ ಜಾಲತಾಣ ಮಾಡಿಕೊಡುವವರು ನಿಕ್ಸನ್ ಕಡೆ ಹೋಗಲಿ. ಗೋಕುಲ ರಸ್ತೆಯ ಲೆಕ್ಕದ ಯುವಕ ಇವೆರಡರಲ್ಲಿ ಯಾವುದನ್ನು ಹಿಡಿದರೂ ಸೋಲುವುದಿಲ್ಲ. ಆದರೆ ಎಕ್ಸೆಲ್ ಹಾಳೆಗಳ ನಡುವೆಯೇ ದಿನ ಕಳೆಯುವವನಿಗೆ ಪೈಥಾನ್ ಕಚೇರಿಯ ಕೆಲಸಕ್ಕೂ ಒದಗುತ್ತದೆ, ಹಾಗಾಗಿ ನನ್ನ ಒಲವು ಆ ಕಡೆ.

ಎರಡು ಪುಸ್ತಕ ಒಟ್ಟಿಗೆ ಕೊಳ್ಳಬೇಡಿ. ಮೊದಲನೆಯದರ ಯೋಜನೆ ಮುಗಿಸಿ, ಅದನ್ನೇ ನಿಮ್ಮ ಕೆಲಸಕ್ಕೆ ತಿರುಗಿಸಿ: ಉದಾಹರಣೆಗೆ ಪೈಥಾನ್ ಕ್ರ್ಯಾಶ್ ಕೋರ್ಸಿನ ಯೋಜನೆಯಲ್ಲಿ 'ವಿಷಯ' (ಟಾಪಿಕ್) ಎಂದಿರುವಲ್ಲಿ 'ಸೀರೆ' ಎಂದು ಬರೆದು, ಬಣ್ಣ, ಅಂಚು, ಬೆಲೆಯ ಅಂಕಣ ಸೇರಿಸಿ. ಎಲ್ಲಿ ಎಡವುತ್ತೀರೋ ಎರಡನೆಯ ಪುಸ್ತಕ ಅದರ ಕುರಿತಾದದ್ದಾಗಿರಲಿ.

ಕೊಳ್ಳುವಾಗ ಆವೃತ್ತಿಯ ಸಂಖ್ಯೆಯನ್ನು ಮುಖಪುಟದಲ್ಲಿ ನೋಡಿ ನಂಬಬೇಡಿ, ಒಳಗಿನ ಹಕ್ಕುಸ್ವಾಮ್ಯದ ಪುಟ ತೆರೆಯಿರಿ. ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ಬರುವ ಪ್ರತಿಗಳಲ್ಲಿ ಕಳ್ಳ ಮುದ್ರಣಗಳು ಬಹಳ: ತೆಳು ಕಾಗದ, ಮಸುಕಾದ ಪರದೆಯ ಚಿತ್ರಗಳು, ಕೆಲವೊಮ್ಮೆ ಮಾಯವಾದ ಹಾಳೆಗಳು. ಪೈಥಾನಿನಲ್ಲಿ ಸಾಲಿನ ಮುಂದಿನ ಖಾಲಿ ಜಾಗಕ್ಕೂ ಅರ್ಥವಿದೆ, ಅದು ಅಳಿಸಿಹೋದ ಪ್ರತಿಯಿಂದ ಕಲಿಯಲಾಗದು. ತಂದ ಕೂಡಲೇ ಕೊನೆಯ ಮೂರು ಅಧ್ಯಾಯಗಳ ಪುಟಗಳನ್ನು ಎಣಿಸಿ ನೋಡಿ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲು.